ಮೈಲಾರಕ್ಕೆ ಒಯ್ದ ಕಾಲು

ನನ್ನ ಎಡಗಾಲು ಮೊಣಕಾಲಿನಿಂದ ಕೆಳಕ್ಕೆ ನನ್ನದಲ್ಲ. ತವರೂರು ಕೊಟ್ಟೂರಿನಲ್ಲಿ ರಸ್ತೆ ದಾಟುವಾಗ ಒಂದು ಲಾರಿ ಅದನ್ನು ತೆಗೆದುಕೊಂಡು ಹೋಯಿತು. ಅದರ ಜಾಗಕ್ಕೆ ಒಂದು ಟ್ರಸ್ಟಿನವರು ಪ್ಲಾಸ್ಟಿಕ್ ಕಾಲು ಕೊಟ್ಟರು, ಪುಕ್ಕಟೆ. ಪುಕ್ಕಟೆ ಅನ್ನುವುದು ಬರೀ ಬಾಯಿಮಾತು. ಕಾಲು ಹಾಕಿಕೊಂಡ ಮೇಲೆ ನಾನು ಅವರ ಕಾರ್ಯಕ್ರಮಗಳಿಗೆ ಹೋಗಬೇಕು, ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆಯಬೇಕು, ನಡುವೆ ನಿಂತು ಸೀರೆಯ ನೆರಿಗೆಯನ್ನು ಒಂದು ಗೇಣು ಎತ್ತಬೇಕು. ಯಾವುದು ಹುಟ್ಟಿದ ಕಾಲು, ಯಾವುದು ಕೊಟ್ಟ ಕಾಲು ಎಂದು ಜನ ಬಗ್ಗಿ ಬಗ್ಗಿ ನೋಡುತ್ತಾರೆ. ಆಮೇಲೆ ಚಪ್ಪಾಳೆ ತಟ್ಟುತ್ತಾರೆ. "ಮೇಡಂ, ಸ್ವಲ್ಪ ನಡೆದು ತೋರಿಸಿ" ಎಂದು ಮೈಕಿನಲ್ಲಿ ಕೂಗಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ನಡೆಯುತ್ತೇನೆ. ನನ್ನನ್ನು ನೋಡಿದ ಮೇಲೆ ಮೂಲೆಯಲ್ಲಿ ಕೂತ ಯಾರೋ ಒಬ್ಬರು ತಮ್ಮ ಅಳತೆ ಕೊಡಲು ಮುಂದೆ ಬರುವುದನ್ನು ಕಣ್ಣಾರೆ ಕಂಡಿದ್ದೇನೆ.

ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ಕಡೆ ಪಾಠ ಹೇಳುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಹರಪನಹಳ್ಳಿಯಲ್ಲಿ ನನ್ನ ಮನೆ. ಸುತ್ತಲಿನ ಹಳ್ಳಿಗಳಲ್ಲಿ ಕಾಲು ಕಳೆದುಕೊಂಡವರನ್ನು ಹುಡುಕಿ, ಮಾತಾಡಿಸಿ, ಅಳತೆಯ ಶಿಬಿರಕ್ಕೆ ಕರೆತರುವುದು ಟ್ರಸ್ಟಿನವರು ನನಗೆ ಹಚ್ಚಿದ ಕೆಲಸ. ಮೈಲಾರದ ಆ ಮನುಷ್ಯ ಸಿಕ್ಕಿದ್ದು ಹಾಗೆಯೇ.

ಅವರು ಮೈಲಾರದಲ್ಲಿ ಭಂಡಾರ ಮಾರುವ ಅಂಗಡಿಯವರು. ದೇವರಿಗೆ ಬಂದವರು ಹಣೆಗೆ, ಮೈಗೆ ಹಚ್ಚಿಕೊಳ್ಳುವ ಅರಿಶಿನದ ಪುಡಿಗೆ ಭಂಡಾರ ಎನ್ನುತ್ತಾರೆ. ಹಲಗೆಯ ಕಟ್ಟೆಯ ಮೇಲೆ ಭಂಡಾರ, ಕಾಯಿ, ಊದಿನಕಡ್ಡಿ ಹರಡಿಕೊಂಡು, ಅದರ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಅವರು ತಮ್ಮ ಹರೆಯ ಕಳೆದಿದ್ದರು. ಸಕ್ಕರೆ ಕಾಯಿಲೆ ಇತ್ತು. ಮೊಳೆ ಚುಚ್ಚಿದ್ದು ಗಮನಕ್ಕೆ ಬರಲಿಲ್ಲ, ಬಂದಾಗ ಹೊತ್ತು ಮೀರಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಿದರು. ಆಮೇಲೆ ಕಟ್ಟೆಯ ಮೇಲೆ ಕೂತರೆ ಒಂದು ಕಡೆಗೆ ವಾಲುತ್ತಿದ್ದರು, ಹಾಗಾಗಿ ಪ್ಲಾಸ್ಟಿಕ್ ಕುರ್ಚಿಗೆ ಬಂದಿದ್ದರು. ಅಂಗಡಿಯನ್ನು ಮಗಳು ನೋಡಿಕೊಳ್ಳುತ್ತಿದ್ದಳು.

ಹಡಗಲಿಯ ಅಳತೆಯ ಶಿಬಿರದಲ್ಲಿ ಅವರು ನನ್ನನ್ನು ಹತ್ತಿರ ಕರೆದು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

"ಅಕ್ಕೋರ, ನನಗ ನಡ್ಯಾದು ಹೆಂಗಾರ ಆಗ್ಲಿ, ಕುಂದ್ರಾದು ಬೇಕ್ರಿ. ಮೊದಲಿನಂಗ ಚಕ್ಕಳಮಕ್ಕಳ ಹಾಕ್ಕೊಂಡು ಕಟ್ಟಿ ಮ್ಯಾಲ ಕುಂದ್ರಬೇಕು. ಈ ಕುರ್ಚಿ ಮ್ಯಾಲ ಕುಂತು ಭಂಡಾರ ಕೊಟ್ಟರ ಪೊಲೀಸ್ ಸ್ಟೇಷನ್ನಾಗ ಕುಂತಂಗ ಆಗ್ತತಿ."

ಕಾಲು ಮಾಡುವ ತಂತ್ರಜ್ಞರು ಅಲ್ಲೇ ಇದ್ದರು. ಈ ಪಾದ ತಿರುಗುತ್ತದೆ, ನೆಲದ ಮೇಲೆ ಕಾಲು ಮಡಚಿ ಕೂರಬಹುದು, ನಮ್ಮ ಜನಕ್ಕೆಂದೇ ಹಾಗೆ ಮಾಡುತ್ತಾರೆ ಎಂದರು. ಆ ಮನುಷ್ಯನ ಮುಖ ಅರಳಿತು.

"ಇನ್ನೊಂದು ಐತ್ರಿ," ಎಂದು ದನಿ ತಗ್ಗಿಸಿದರು. "ಸತ್ತ ಮ್ಯಾಲ ನಮ್ಮನ್ನ ಕುಣ್ಯಾಗ ಕುಂದ್ರಸ್ತಾರ. ಒಂದ ಕಾಲಿದ್ದರ ಅಲ್ಲೂ ವಾಲ್ತೀನಲ್ರಿ. ಅಲ್ಲೂ ದಿಂಬು ಇಡ್ತಾರೇನು?" ಎಂದು ತಾವೇ ನಕ್ಕರು.

ಪಕ್ಕದಲ್ಲಿದ್ದ ಮಗಳು, "ಅಪ್ಪಾ, ಬಿಡ್ತು ಅನ್ನು" ಎಂದು ಗದರಿಸಿದಳು. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕುಣಿ, ಅಂದರೆ ಹೂಳುವ ಗುಂಡಿಯಲ್ಲಿ, ಕಾಲು ಮಡಚಿ, ಪೂಜೆಗೆ ಕೂತ ಹಾಗೆ ಕೂರಿಸಿ ಮಣ್ಣು ಕೊಡುತ್ತೇವೆ. ಅವರು ಹೇಳಿದ್ದು ತಮಾಷೆಯ ಮಾತಾಗಿರಲಿಲ್ಲ. ನಾನೂ ಒಂದು ಕಾಲಿನವಳು, ಆ ಲೆಕ್ಕವನ್ನು ಒಳಗೊಳಗೇ ಹಾಕಿದವಳು, ನನಗೆ ಗೊತ್ತು. "ಕಾಲು ಬಂದ ದಿನ ನಾನ ತರ್ತೀನಿ. ನಿಮ್ಮನ್ನ ಕಟ್ಟಿ ಮ್ಯಾಲ ಕುಂದ್ರಿಸಿನ ಹೋಗ್ತೀನಿ," ಎಂದು ಮಾತು ಕೊಟ್ಟೆ.

ಕಾಲು ಬೇಗನೇ ತಯಾರಾಯಿತು. ದಾವಣಗೆರೆಯ ಗೋಡೌನಿಗೆ ಬಂದು ಕೂತಿತು. ಅಲ್ಲಿಂದ ಹೊರಡಲಿಲ್ಲ. ಯಾಕೆಂದು ಫೋನು ಮಾಡಿದರೆ, ಮುಖ್ಯ ಅತಿಥಿಗಳ ತಾರೀಖು ಸಿಕ್ಕಿಲ್ಲ ಎಂದರು. ಮಳೆಗಾಲ ಬಂತು, ಹೋಯಿತು. ಮೈಲಾರದಿಂದ ಆ ಮನುಷ್ಯ ಫೋನು ಮಾಡಿ, "ಅಕ್ಕೋರ, ನನ್ನ ಕಾಲು ಎಲ್ಲಿಗೆ ಬಂತ್ರಿ?" ಎಂದು ಕೇಳುತ್ತಿದ್ದರು. ಹೊಲದಿಂದ ಬರಬೇಕಾದ ಎತ್ತಿನ ಬಗ್ಗೆ ಕೇಳುವಂತೆ ಸಮಾಧಾನದಿಂದ ಕೇಳುತ್ತಿದ್ದರು. ಆಮೇಲೆ ಅವರ ದನಿ ಸಣ್ಣದಾಗುತ್ತ ಬಂತು. ಕಿಡ್ನಿ ಕೈಕೊಟ್ಟಿದೆ ಎಂದು ಮಗಳು ಹೇಳಿದಳು. ನಾನು ದಾವಣಗೆರೆಗೆ ಬಸ್ಸಿನಲ್ಲಿ ಹೋಗಿ ಒಂದು ಕಾಲನ್ನಾದರೂ ಕೊಡಿ, ನಾನೇ ಒಯ್ಯುತ್ತೇನೆ ಎಂದು ಟ್ರಸ್ಟಿನ ಕಾರ್ಯದರ್ಶಿಗಳ ಮುಂದೆ ಕೈಮುಗಿದು ನಿಂತದ್ದೂ ಆಯಿತು. "ಹಾಗೆ ಬಿಡಿಬಿಡಿಯಾಗಿ ಕೊಟ್ಟರೆ ಕಾರ್ಯಕ್ರಮಕ್ಕೆ ಏನು ಉಳಿಯುತ್ತೆ, ಮೇಡಂ?" ಎಂದರು ಅವರು. ಕೆಟ್ಟ ಮನುಷ್ಯ ಅಲ್ಲ. ಅದೇ ನನಗೆ ಹೆಚ್ಚು ಹೊಟ್ಟೆ ಉರಿಸುವುದು, ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಕೊನೆಗೆ ತಾರೀಖು ಸಿಕ್ಕಿತು. ನಾಲ್ಕು ತಾಲೂಕಿನ ಕಾಲುಗಳನ್ನು ಒಂದೇ ದಿನದಲ್ಲಿ ಹಂಚುವುದೆಂದು ನಿಶ್ಚಯವಾಯಿತು.

ಅವತ್ತು ಬೆಳಿಗ್ಗೆ ಹರಪನಹಳ್ಳಿಯ ಬಸ್ ಸ್ಟ್ಯಾಂಡಿನ ಹತ್ತಿರ ಟ್ರಸ್ಟಿನ ಕ್ರೂಸರ್ ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಕಾರ್ಯದರ್ಶಿಗಳು, ಅವರ ತೊಡೆಯ ಮೇಲೆ ಸುತ್ತಿದ ಬ್ಯಾನರ್. ನಡುವಿನ ಸೀಟಿನಲ್ಲಿ ತಂತ್ರಜ್ಞರು. ಹಿಂದೆ ಪೇಪರು ಸುತ್ತಿದ ಕಾಲುಗಳು, ಬೆರಳುಗಳು ಮಾತ್ರ ಹೊರಗೆ. ಅದರ ಮೇಲೆ ಶಾಲುಗಳ ಗಂಟು, ಹಣ್ಣಿನ ಬುಟ್ಟಿ. ನಮ್ಮ ತಾಲೂಕಿನದೇ ಅರಸೀಕೆರೆ ಎಂಬ ಊರಿನ ಒಬ್ಬ ಟೈಲರ್ ಮೊದಲೇ ಬಂದು ಕಾದಿದ್ದ. ಅವನಿಗೆ ಅಲ್ಲೇ ಕಾಲು ಕಟ್ಟಿ, ಶಾಲು ಹೊದಿಸಿ, ಫೋಟೊ ತೆಗೆದರು. ಹೊಸ ಕಾಲಿನಲ್ಲಿ ನಿಂತು ಅವನು ಹಿಡಿದವರ ಕೈ ಬಿಡಲೇ ಇಲ್ಲ.

ಅಷ್ಟರಲ್ಲಿ ನನಗೆ ಫೋನು ಬಂತು. ಮೈಲಾರದವರ ಮಗಳು.

"ಅಕ್ಕೋರ, ಎಲ್ಲದೀರಿ? ಅಪ್ಪಗ ರಾತ್ರಿಯಿಂದ ಉಸಿರು ಸರಿಯಿಲ್ಲ. ದವಾಖಾನಿಗೆ ಬರಂಗಿಲ್ಲ ಅಂತ ಹಟ ಹಿಡದಾನ. ಅಕ್ಕೋರು ಕಾಲು ತರ್ತಾರ, ನಾನು ಮನಿ ಬಿಟ್ಟು ಹೋಗಂಗಿಲ್ಲ ಅಂತಾನ. ಲಗೂ ಬರ್ರಿ."

"ಬರಾಕತ್ತೀವಿ ತಂಗಿ. ಹೊಂಟ ಬಿಟ್ಟೀವಿ," ಎಂದೆ.

ಹರಪನಹಳ್ಳಿಯಿಂದ ಹಡಗಲಿಗೆ ನೇರ ರಸ್ತೆ ಇದೆ. ಅಲ್ಲಿಂದ ಮೈಲಾರ ದೂರವಲ್ಲ. ಮೊದಲು ಅಲ್ಲಿಗೆ ಹೋಗಿ ಕಾಲು ಹಾಕಿ, ಅವರನ್ನು ಆಸ್ಪತ್ರೆಗೆ ಕಳಿಸಿ, ಆಮೇಲೆ ಉಳಿದ ಊರು ನೋಡೋಣ ಎಂದೆ. ಕಾರ್ಯದರ್ಶಿಗಳು ಬ್ಯಾನರ್ ಬಿಚ್ಚಿ ತೋರಿಸಿದರು. ಮೊದಲು ಕೂಡ್ಲಿಗಿ, ಆಮೇಲೆ ಹಗರಿಬೊಮ್ಮನಹಳ್ಳಿ, ಆಮೇಲೆ ಹಡಗಲಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಟ್ರಸ್ಟಿನ ಲೆಕ್ಕದಲ್ಲಿ ಮೈಲಾರದವರೇ ಹಡಗಲಿಯ ವೇದಿಕೆಗೆ ಬರಬೇಕಿತ್ತು.

"ಮುಖ್ಯ ಅತಿಥಿಗಳು ಬೆಳಿಗ್ಗೆ ಕೂಡ್ಲಿಗಿಗೆ ಮಾತ್ರ ಬರ್ತಾರೆ, ಮೇಡಂ. ಅಷ್ಟು ಜನ ಕಾಯ್ತಿರ್ತಾರೆ. ಒಬ್ಬರಿಗೋಸ್ಕರ ಎಲ್ಲರನ್ನೂ ಬಿಸಿಲಲ್ಲಿ ಕೂರಿಸೋಕಾಗುತ್ತಾ?"

ಕಾಯುವ ಉಳಿದವರೂ ನನ್ನಂಥವರೇ, ನಾನೇ ಕರೆದು ಕೂರಿಸಿದವರು. ಡ್ರೈವರ್ ಹರಪನಹಳ್ಳಿಯ ಭಾಯ್, ಸ್ವಂತ ಗ್ಯಾರೇಜ್ ಇರುವವರು. ಅವರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು, ಗಾಡಿಯನ್ನು ಕೊಟ್ಟೂರಿನ ಕಡೆ ತಿರುಗಿಸಿದರು.

ಕೊಟ್ಟೂರಿನಲ್ಲಿ ತಿಂಡಿಗೆ ನಿಲ್ಲಿಸಿದರು. ಟ್ರಸ್ಟಿನ ಹಿತೈಷಿಗಳೊಬ್ಬರು ಮಂಡಕ್ಕಿ, ಮಿರ್ಚಿ ಹೇಳಿಸಿಟ್ಟಿದ್ದರು. ನಿಲ್ಲದೆ ಹೋದರೆ ಅವರಿಗೆ ಬೇಜಾರಾಗುತ್ತದೆ. ನಮ್ಮ ಕಡೆ ಮನುಷ್ಯನ ಜೀವಕ್ಕಿಂತ ಬೇಜಾರಿಗೆ ಹೆಚ್ಚು ಹೆದರುತ್ತೇವೆ. ಬಿಸಿ ಮಿರ್ಚಿ ಬರಲಿ ಎಂದು ಕಾದೆವು, ಅದು ಬಂದ ಮೇಲೆ ಚಹಾಕ್ಕೆ ಕಾದೆವು. ಹುಟ್ಟಿದ ಊರಿನ ಮಿರ್ಚಿಯನ್ನು ಅವತ್ತು ತಟ್ಟೆಯಲ್ಲೇ ಬಿಟ್ಟೆ. ತಂತ್ರಜ್ಞರು ಒಳ್ಳೆಯ ಮನಸ್ಸಿನಿಂದ ನನ್ನನ್ನು ಮಾತಿಗೆ ಎಳೆದರು. ಅವರೂ ಕಾರ್ಯದರ್ಶಿಗಳೂ ಹಿಂದಿನ ವರ್ಷ ಕಾಲಿನ ಶಿಬಿರಕ್ಕೆ ಆಫ್ರಿಕಾಕ್ಕೆ ಹೋಗಿ ಬಂದಿದ್ದರು.

"ಅಲ್ಲೂ ಹಿಂಗೇ ಅಕ್ಕ, ದಿನವೆಲ್ಲ ಜೀಪಿನಾಗೇ. ನಮ್ಮ ಕೂಡ್ಲಿಗಿ ಕಡೆ ಇದ್ದಂಗೆ ಕೆಂಪು ಮಣ್ಣು. ಒಂದು ಊರಾಗೆ ಕುಣಿದು, ಹಾರ ಹಾಕಿ, ಊಟ ಹಾಕಿದರು. ಮುಂದಿನ ಊರಿಗೆ ಹೋಗೋದ್ರಾಗೆ ಕಾದವರು ಎದ್ದು ಹೋಗಿದ್ದರು. ನಮ್ಮ ಕಾಲಿನ ಬಣ್ಣ ಅವರ ಮೈಗೆ ಹೊಂದಲಿಲ್ಲ ಅಂತ ಬೂಟ್ ಪಾಲಿಶ್ ಹಚ್ಚಿ ಕೊಟ್ಟೆ."

"ಎದ್ದು ಹೋದವರ ಕಾಲು ಏನು ಮಾಡಿದ್ರಿ?"

"ವಾಪಸ್ ತಂದ್ವಿ," ಎಂದು ಅವರು ಮಿರ್ಚಿಯ ಕಡೆ ನೋಡಿದರು.

ಕೂಡ್ಲಿಗಿಯಲ್ಲಿ ಶಾಮಿಯಾನ ಹಾಕಿದ್ದರು. ಕಾಲಿಲ್ಲದವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮುಖ್ಯ ಅತಿಥಿಗಳು ಬಂದಿರಲಿಲ್ಲ. ಬರುತ್ತಿದ್ದಾರೆ, ಊರ ಹತ್ತಿರ ಇದ್ದಾರೆ, ಇನ್ನೇನು ಬಂದರು ಎಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು. ಹಾಡು ಹಚ್ಚಿದರು. ಹಾಡು ನಿಲ್ಲಿಸಿ ಮೈಕ್ ಸರಿ ಮಾಡಿದರು. ಅತಿಥಿಗಳು ಬಂದ ಮೇಲೆ ದೀಪ ಹಚ್ಚುವುದು, ಗಾಳಿಗೆ ದೀಪ ಆರುವುದು, ಮತ್ತೆ ಹಚ್ಚುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ. ಒಬ್ಬರಿಗೆ ಶಾಲು ಹೊದಿಸಿ ಇನ್ನೊಬ್ಬರಿಗೆ ಬಿಟ್ಟರೆ ಬೇಜಾರು, ಹಾಗಾಗಿ ವೇದಿಕೆಯಲ್ಲಿ ಇದ್ದವರಿಗೆಲ್ಲ ಶಾಲು. ಕಾರ್ಯದರ್ಶಿಗಳು ಆಫ್ರಿಕಾದ ಪ್ರಯಾಣವನ್ನು ಮೊದಲಿನಿಂದ ಹೇಳತೊಡಗಿದರು. ವಿಮಾನ ಇಳಿದದ್ದು, ಅಲ್ಲಿನ ಮಕ್ಕಳು ಕೈಬೀಸಿದ್ದು, ನಮ್ಮ ನಾಡಿನ ಸೇವೆ ಸಮುದ್ರ ದಾಟಿದ್ದು. ಚಪ್ಪಾಳೆಯ ಮೇಲೆ ಚಪ್ಪಾಳೆ. ಕಾಲುಗಳು ಪೇಪರು ಸುತ್ತಿಕೊಂಡು ಮೇಜಿನ ಮೇಲೆ ಬಿದ್ದಿದ್ದವು. ನಾನು ಮೈಲಾರದ ರಸ್ತೆಯನ್ನು ಮನಸ್ಸಿನಲ್ಲೇ ಓಡಿಸುತ್ತಿದ್ದೆ. ಈಗ ಹೊರಟರೂ ಸಿಕ್ಕಾರು, ಈಗ ಹೊರಟರೂ ಸಿಕ್ಕಾರು ಎಂದುಕೊಳ್ಳುತ್ತಿದ್ದೆ.

"ಈಗ ನಮ್ಮ ಮೇಡಂ ನಡೆದು ತೋರಿಸ್ತಾರೆ."

ನಡೆದೆ. ನೆರಿಗೆ ಎತ್ತಿದೆ. ಜನ ಬಗ್ಗಿ ನೋಡಿದರು. ಮುಖ್ಯ ಅತಿಥಿಗಳು ಪಕ್ಕದವರ ಕಿವಿಯಲ್ಲಿ, "ಗೊತ್ತ ಆಗಂಗಿಲ್ಲ ನೋಡ್ರಿ" ಎಂದು ಮೆಚ್ಚಿದರು.

ಕೂಡ್ಲಿಗಿಯಿಂದ ಹಗರಿಬೊಮ್ಮನಹಳ್ಳಿಗೆ ಹೊರಟಾಗ ಸೂರ್ಯ ನೆತ್ತಿಯ ಮೇಲಿದ್ದ. ದಾರಿಯುದ್ದಕ್ಕೂ ನಾನು ಫೋನನ್ನು ಕೈಯಲ್ಲೇ ಹಿಡಿದಿದ್ದೆ. ನಾನೇ ಮಾಡಿದರೆ ಎತ್ತಲಿಲ್ಲ. ಹಗರಿಬೊಮ್ಮನಹಳ್ಳಿಯ ಕಲ್ಯಾಣಮಂಟಪದಲ್ಲಿ ಇಳಿದು, ಹಂಪಸಾಗರದಿಂದ ಬಂದ ಒಬ್ಬ ಹೆಣ್ಣುಮಗಳನ್ನು ಮಾತಾಡಿಸುತ್ತಿದ್ದೆ. ಆಗ ಫೋನು ಬಡಿದುಕೊಂಡಿತು.

"ಅಕ್ಕೋರ, ಬರ್ರಿ," ಎಂದಳು ಮಗಳು. ಬೆಳಗಿನ ದನಿ ಅಲ್ಲ. ಲಗೂ ಎನ್ನುವ ಮಾತು ಇರಲಿಲ್ಲ, ಉಸಿರಿನ ಮಾತು ಇರಲಿಲ್ಲ. ಹಿಂದೆ ತುಂಬ ಜನ ಇದ್ದ ಸದ್ದು.

"ಹೆಂಗದಾರ?" ಎಂದೆ.

"ಬರ್ರಿ ನೀವು. ಕಾಲು ತಗೊಂಡು ಬರ್ರಿ. ಕುಂದ್ರಿಸ್ಯಾರ," ಎಂದು ಫೋನು ಇಟ್ಟಳು.

ನಮ್ಮ ಕಡೆ ಸಾವಿನ ಸುದ್ದಿಯನ್ನು ಫೋನಿನಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಜೀವ ಹೋದ ಮೇಲೆ ಮೈ ಸೆಟೆಯುವ ಮೊದಲೇ ಕಾಲು ಮಡಚಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂರಿಸಿದ್ದಾರೆ ಎಂದರೆ ಮುಗಿಯಿತು. ನಾನು ಅಲ್ಲೇ ಒಂದು ಕುರ್ಚಿ ಎಳೆದು ಕೂತೆ. ಹಂಪಸಾಗರದ ಹೆಣ್ಣುಮಗಳು, "ಏನಾತ್ರಿ?" ಎಂದು ಕೈ ಹಿಡಿದಳು. ಏನೂ ಇಲ್ಲ ಎಂದೆ. ಅವಳಿಗೆ ಅವತ್ತು ಹೊಸ ಕಾಲು ಬರುವ ದಿನ, ಕೆಡಿಸಲು ಮನಸ್ಸಾಗಲಿಲ್ಲ.

ವೇದಿಕೆಯಿಂದ ಕರೆದರು. ಅಲ್ಲಿಯೂ ನಡೆದು ತೋರಿಸಿದೆ. ಸತ್ತವರ ಕಾಲು ಮೇಜಿನ ಮೇಲೆ ಉಳಿದವುಗಳ ಸಂಗಡ ಮಲಗಿತ್ತು. ಅದರ ಮುಂದೆಯೇ ಹಾದು ಹೋದೆ, ಹಾದು ಬಂದೆ. ನನ್ನ ಜೀವನದಲ್ಲಿ ಅಷ್ಟು ನಾಚಿಕೆಗೇಡಿನ ನಡಿಗೆಯನ್ನು ನಾನು ನಡೆದಿಲ್ಲ. ಕೆಳಗೆ ಬಂದು ಕಾರ್ಯದರ್ಶಿಗಳಿಗೆ ವಿಷಯ ಹೇಳಿದೆ. ಅವರು ನಿಜವಾಗಿಯೂ ಮರುಗಿದರು, ಕಣ್ಣು ಮುಚ್ಚಿ ಕೈ ಜೋಡಿಸಿದರು. ಆಮೇಲೆ ಊಟದ ಎಲೆ ಹಾಕಿದ್ದಾರೆ ಎಂದು ಯಾರೋ ಕರೆದರು.

ಊಟ ಮುಗಿಸಿ ಹೊರಟೆವು. ನಾನು ಮುಟ್ಟಲಿಲ್ಲ. ಗಾಡಿಯಲ್ಲಿ ಮೈಲಾರದವರ ಕಾಲನ್ನು ಹುಡುಕಿ ನನ್ನ ಮಡಿಲಿಗೆ ತೆಗೆದುಕೊಂಡೆ. ಹಡಗಲಿ ಹತ್ತಿರವಾದಂತೆ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಮಣ್ಣು ಕೊಡುವ ಮುಂಚೆ ತಲುಪಿದರೆ ಅವರು ಕೇಳಿದ ಎರಡರಲ್ಲಿ ಒಂದಾದರೂ ಆದೀತು. ಕಟ್ಟೆ ತಪ್ಪಿತು, ಕುಣಿಯಾದರೂ ಸಿಗಲಿ. ಇಂಥ ಆಸೆ ಇಟ್ಟುಕೊಳ್ಳುವ ಗತಿ ನನಗೆ ಬಂತಲ್ಲ ಎಂದು ಅಳು ಉಕ್ಕಿತು.

ಹಡಗಲಿಯಲ್ಲಿ ಬ್ಯಾಂಡಿನವರು ಬಾಗಿಲಲ್ಲೇ ನಿಂತಿದ್ದರು. ನಾನು ಇಳಿಯಲಿಲ್ಲ.

"ನೀವು ಇಲ್ಲಿ ಕಾರ್ಯಕ್ರಮ ಮಾಡ್ಕೊಳ್ರಿ. ನಾನು ಗಾಡಿ ತಗೊಂಡು ಮೈಲಾರಕ್ಕ ಹೋಗ್ತೀನಿ," ಎಂದೆ.

ಕಾರ್ಯದರ್ಶಿಗಳು ಗಾಡಿಯ ಬಾಗಿಲು ಹಿಡಿದುಕೊಂಡರು. "ಹೋಗಿ ಬನ್ನಿ ಮೇಡಂ, ನನ್ನ ಹೆಸರಲ್ಲೂ ಒಂದು ಹಾರ ಹಾಕಿ. ಆದರೆ ಆ ಕಾಲು ಇಲ್ಲೇ ಇರಲಿ. ಸತ್ತವರಿಗೆ ಕಾಲು ಯಾಕೆ? ಅದರ ಪಾದ ಬಿಚ್ಚಿ ಇನ್ನೊಬ್ಬರಿಗೆ ಹಾಕಬಹುದು. ಇನ್ನೊಬ್ಬರು ನಡೀತಾರೆ."

ಅದು ತಪ್ಪು ಮಾತಲ್ಲ. ಆದರೆ ಆ ಹೊತ್ತಿಗೆ ನನ್ನೊಳಗೆ ನ್ಯಾಯ ತೂಗುವ ತಾಳ್ಮೆ ಉಳಿದಿರಲಿಲ್ಲ.

"ಮಳಿಗಾಲ ಪೂರ್ತಿ ನಿಮ್ಮ ಗೋಡೌನಿನಾಗ ಕುಂತಿತ್ತಲ್ರಿ, ಆವಾಗ ಇನ್ನೊಬ್ಬರು ನೆನಪಾಗ್ಲಿಲ್ಲೇನು?" ಎಂದು ಕೂಗಿದೆ. ಬ್ಯಾಂಡಿನವರು ನುಡಿಸುವುದನ್ನು ನಿಲ್ಲಿಸಿ ನೋಡಿದರು. "ಬೇಕಂದ್ರ ನಾನು ಸತ್ತ ಮ್ಯಾಲ ನನ್ನ ಕಾಲು ಬಿಚ್ಚಿಕೊಳ್ರಿ. ಇದು ಅವರದು. ಭಾಯ್, ಹೊಡೀರಿ ಗಾಡಿ."

ತಂತ್ರಜ್ಞರು ಗಾಡಿಯ ಹತ್ತಿರ ಬಂದರು. ಕಾಲಿನ ಒಳಗೆ ಹಾಕಿಕೊಳ್ಳುವ ಹತ್ತಿಯ ಚೀಲವೊಂದನ್ನು ಕಿಟಕಿಯಿಂದ ನನ್ನ ಕೈಗೆ ಕೊಟ್ಟರು. ಗಾಡಿ ಹೊರಟಿತು.

ಮೈಲಾರದ ದಾರಿಯಲ್ಲಿ ಭಾಯ್ ಗಾಡಿಯನ್ನು ಜೋರಾಗಿ ಓಡಿಸಿದರು. ಆಮೇಲೆ, "ಅಕ್ಕಾ, ನಮ್ಮಾಗ ಮಲಗಸ್ತೀವ್ರಿ. ನಿಮ್ಮಾಗ ಕುಂದ್ರಸ್ತೀರಿ. ಮಲಗ್ಸಾದಿದ್ದರ ಕಾಲು ಇಲ್ಲದಿದ್ದರೂ ನಡೀತಿತ್ತು, ಅಲ್ಲೇನ್ರಿ?" ಎಂದರು.

"ಹೂಂ ಭಾಯ್."

"ಬೆಳಿಗ್ಗೇನ ನಾನು ಈ ಕಡಿ ತಿರುಗಿಸಬೇಕಿತ್ತು ಅಕ್ಕಾ. ಅವರು ಬೈತಿದ್ದರು, ಬೈಸ್ಕೊಂತಿದ್ದೆ."

ನಾನು ಅವರಿಗೆ ಸಮಾಧಾನ ಹೇಳಲಿಲ್ಲ. ಹೇಳಿದ್ದರೆ ನನಗೂ ಹೇಳಿಕೊಳ್ಳಬೇಕಾಗುತ್ತಿತ್ತು.

ಅವರ ಮನೆ ಅಂಗಡಿಯ ಹಿಂದೆಯೇ. ಓಣಿಯಲ್ಲಿ ಜನ ತುಂಬಿದ್ದರು, ಸಾವಿನ ಮನೆಯ ಹಲಗೆವಾದ್ಯ ಬಡಿಯುತ್ತಿದ್ದರು. ಹೆಣ ಒಯ್ಯುವ ವಿಮಾನ ತಯಾರಾಗಿ ಅಂಗಳದಲ್ಲಿತ್ತು, ಬಾಳೆಕಂಬ, ಹೂವು ಕಟ್ಟಿದ್ದರು. ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಒಂದು ಕಾಲು ಮಡಚಿಕೊಂಡಿತ್ತು. ಇನ್ನೊಂದರ ಜಾಗದಲ್ಲಿ ಒಂದು ದಿಂಬು. ದಿಂಬು ಸರಿದು, ಮೈ ಬಲಕ್ಕೆ ವಾಲಿತ್ತು. ಯಾರೋ ಒಬ್ಬರು ಹೆಗಲು ಹಿಡಿದು ನೆಟ್ಟಗೆ ಮಾಡುತ್ತಿದ್ದರು, ಬಿಟ್ಟರೆ ಮತ್ತೆ ವಾಲುತ್ತಿತ್ತು. ಅವರು ಅಂದು ನಕ್ಕು ಹೇಳಿದ ಮಾತು ಹಾಗೆಯೇ ನಡೆಯುತ್ತಿತ್ತು.

ಮಗಳು ನನ್ನನ್ನು ಕಂಡು ಎದ್ದು ಬಂದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಬೆಳಿಗ್ಗಿ ಎದ್ದು ಗಡ್ಡ ತೆಗಿಸ್ಕೊಂಡ ಅಕ್ಕೋರ. ಮೊಂಡುಗಾಲು ತೊಳೀ, ಹೊಲಸು ಇದ್ದರ ಅಕ್ಕೋರು ಹೆಂಗ ಹಾಕ್ತಾರ ಅಂದ. ತೊಳದೆ. ಕಟ್ಟಿ ಮ್ಯಾಲ ಅರಿವಿ ಹಾಸು ಅಂದ. ಹಾಸಿದೆ. ಗಾಡಿ ಸಪ್ಪಳ ಆದಾಗೊಮ್ಮೆ ಬಂದ್ರೇನು ಅಂತಿದ್ದ. ಮಧ್ಯಾಹ್ನದ ಬಿಸಿಲು ಏರಾಕತ್ತಿತ್ತು, ಬಂದ್ರೇನು ಅಂದ, ಅಷ್ಟ."

ಬಿಸಿಲು ಏರುವ ಹೊತ್ತಿಗೆ ನಾವು ಕೂಡ್ಲಿಗಿಯಲ್ಲಿದ್ದೆವು. ಆಫ್ರಿಕಾದ ಮಕ್ಕಳು ಕೈಬೀಸಿದ ಕಥೆ ಕೇಳುತ್ತಿದ್ದೆವು.

ಪೇಪರು ಬಿಚ್ಚಿ ಕಾಲನ್ನು ಹೊರಗೆ ತೆಗೆದಾಗ ಹಿರಿಯರಲ್ಲಿ ಗುಸುಗುಸು ಎದ್ದಿತು. ಪ್ಲಾಸ್ಟಿಕ್ಕು ಮಣ್ಣಿಗೆ ಹಾಕಬಹುದೇ, ಲಿಂಗದ ಮೈಗೆ ಅದು ಸಲ್ಲುತ್ತದೆಯೇ ಎಂದು ಒಬ್ಬರು ತಕರಾರು ತೆಗೆದರು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ವಯಸ್ಸಾದವರು. ಕಾಲನ್ನು ಮುಟ್ಟಿ ನೋಡಿ, "ಬೇಡಿಕೊಂಡದ್ದು ಬಂದೈತಿ, ಹಾಕ್ರಿ. ಹೊತ್ತು ಮುಣುಗೋದ್ರಾಗ ಎತ್ತಬೇಕು," ಎಂದರು.

ಹಾಕುವವರು ಯಾರು? ಎಲ್ಲರೂ ನನ್ನನ್ನೇ ನೋಡಿದರು. ನಾನು ನನ್ನ ಕಾಲನ್ನು ಚಾಚಿ ಅವರ ಮುಂದೆ ನೆಲಕ್ಕೆ ಕೂತೆ. ದಿನಾ ಬೆಳಿಗ್ಗೆ ನನಗೆ ನಾನು ಮಾಡಿಕೊಳ್ಳುವುದನ್ನೇ ಅವರಿಗೆ ಮಾಡಿದೆ. ಮೊದಲು ಹತ್ತಿಯ ಚೀಲ ಏರಿಸಿದೆ, ಸುಕ್ಕು ಉಳಿದರೆ ಚರ್ಮ ಉಜ್ಜಿ ಗಾಯವಾಗುತ್ತದೆ ಎಂದು ಬೆರಳಿನಿಂದ ಸವರಿದೆ. ಸವರಿದ ಮೇಲೆ, ಇನ್ನು ಇವರಿಗೆ ಎಲ್ಲಿಯ ಗಾಯ ಎಂದು ಹೊಳೆಯಿತು. ಮೊಂಡುಗಾಲು ತಣ್ಣಗಿತ್ತು, ಮಗಳು ತೊಳೆದ ಸೋಪಿನ ವಾಸನೆ ಇನ್ನೂ ಇತ್ತು. ಮೊಣಕಾಲು ಮಡಚಿದ ಹಾಗೆಯೇ ಬಿಗಿದಿತ್ತು. ಕಾಲನ್ನು ಒತ್ತಿದೆ. ಕೂತಿತು. ಎಲ್ಲಿಯೂ ಬಿಗಿಯಿಲ್ಲ, ಎಲ್ಲಿಯೂ ಸಡಿಲವಿಲ್ಲ, ಅಳತೆ ಅಷ್ಟು ಸರಿಯಾಗಿತ್ತು. ಮೊಣಕಾಲಿನ ಮೇಲೆ ಪಟ್ಟಿ ಬಿಗಿದೆ. ಪಾದವನ್ನು ತಿರುಗಿಸಿ ಇನ್ನೊಂದು ಕಾಲಿನ ಕೆಳಗೆ ಸೇರಿಸಿದೆ.

ಹೆಗಲು ಹಿಡಿದವರು ಕೈ ಬಿಟ್ಟರು. ಕೂತವರು ವಾಲಲಿಲ್ಲ.

"ಈಗ ಕುಂತ ನೋಡ್ರಿ ಸರಿಯಾಗಿ," ಎಂದರು ಯಾರೋ. ಹೆಂಗಸರ ಅಳು ಮತ್ತೆ ಏರಿತು. ಮಗಳು ಬಗ್ಗಿ ಆ ಪಾದವನ್ನು ನೋಡಿ, "ಅಪ್ಪ ಇಷ್ಟು ಕೆಂಪಗ ಇರ್ಲಿಲ್ಲ" ಎಂದಳು. ನಿಜ, ಬಣ್ಣ ಹೊಂದಿರಲಿಲ್ಲ. ಅವಳು ಅಂಗಡಿಯಿಂದ ಒಂದು ಹಿಡಿ ಭಂಡಾರ ತಂದು ಎರಡೂ ಪಾದಗಳಿಗೆ ಹಚ್ಚಿದಳು. ಎರಡೂ ಒಂದೇ ಹಳದಿಯಾದವು.

ಆ ಮನುಷ್ಯ ಕೇಳಿದ್ದು ಆಯಿತು ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಷ್ಟು ಚೆನ್ನಾಗಿ ಕೂತ ಕಾಲು ನನ್ನನ್ನು ಇನ್ನಷ್ಟು ಸಂಕಟಕ್ಕೆ ದೂಡಿತು. ಸರಿಹೋಗದೆ ಇದ್ದಿದ್ದರೆ, ಬಂದಿದ್ದರೂ ಉಪಯೋಗ ಇರಲಿಲ್ಲ ಎಂದಾದರೂ ಅಂದುಕೊಳ್ಳಬಹುದಿತ್ತು. ಮಳೆಗಾಲದಲ್ಲೇ ಕೊಟ್ಟಿದ್ದರೆ ಅವರು ಇಷ್ಟು ದಿನ ಕಟ್ಟೆಯ ಮೇಲೆ ಹೀಗೆಯೇ ನೆಟ್ಟಗೆ ಕೂತು ಭಂಡಾರ ಕೊಡುತ್ತಿದ್ದರು. ಅದಕ್ಕೆ ಅಡ್ಡ ಬಂದದ್ದು ರೋಗವಲ್ಲ, ರಸ್ತೆಯಲ್ಲ. ಶಾಲು, ಹಾರ, ನಮ್ಮ ಬೇಜಾರುಗಳು.

ಗೋಡೆ ಹಿಡಿದು ಎದ್ದೆ. ವಿಮಾನ ಎತ್ತಲು ಗಂಡಸರು ಒಳಗೆ ಬಂದರು. ಆಗ ಮಗಳು ಅಡ್ಡ ನಿಂತಳು.

"ಒಂದ ನಿಮಿಷ ತಡೀರಿ," ಎಂದು ಅವರಿಗೆ ಹೇಳಿ, ನನ್ನ ಕಡೆ ತಿರುಗಿದಳು. "ಅಕ್ಕೋರ, ಒಂದೀಟು ನಡದು ತೋರ್ಸ್ರಿ. ಅಪ್ಪ ನಡದಿದ್ದರ ಹೆಂಗ ಇರ್ತಿತ್ತು ಅಂತ ನೋಡ್ತೀನಿ."

ಹಲಗೆ ನಿಂತಿತು. ಜನ ಹಿಂದೆ ಸರಿದು ದಾರಿ ಬಿಟ್ಟರು. ಬೆಳಗಿನಿಂದ ಯಾರು ಯಾರಿಗೋ ನಡೆದು ತೋರಿಸಿದ್ದೆ, ಮೈಕಿನಲ್ಲಿ ಕರೆದಾಗಲೆಲ್ಲ ಒಳಗೆ ಬೈದುಕೊಂಡಿದ್ದೆ. ಈ ಸಲ ಯಾರೂ ಹೇಳದೆ ನಾನೇ ನೆರಿಗೆ ಎತ್ತಿ ಹಿಡಿದೆ. ಪಡಸಾಲೆಯ ಈ ಗೋಡೆಯಿಂದ ಬಾಗಿಲವರೆಗೆ ನಡೆದೆ, ಬಾಗಿಲಿನಿಂದ ಅವರು ಕೂತಲ್ಲಿಗೆ ನಡೆದು ಬಂದೆ. ಹಸಿವಿಗೋ ಅಳುವಿಗೋ ಕಾಲು ತಡವರಿಸುತ್ತಿತ್ತು. ಮಗಳು ನನ್ನ ಮುಖ ನೋಡಲಿಲ್ಲ, ಕಾಲನ್ನೇ ನೋಡುತ್ತಿದ್ದಳು.

"ಅಪ್ಪನೂ ಹಿಂಗ ನಡೀತಿದ್ದ ಏನ್ರಿ?" ಎಂದಳು.

"ಇದಕಿಂತ ಚೊಲೋ ನಡೀತಿದ್ದರು ತಂಗಿ," ಎಂದೆ.

ಅವಳು ತಲೆಯಾಡಿಸಿದಳು. ಗಂಡಸರು ಬಗ್ಗಿ ಅವರನ್ನು ಎತ್ತಿದರು.